ಸ್ಟೋರಿ ರಸ್ತೆಯ ಹಳದಿ ಬಾವುಟ

ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಿಕೊಳ್ಳಲಿಕ್ಕೋ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಹೋಗಿ ಆರು ತಿಂಗಳಿದ್ದು ಬಂದ ಓದುಗರು ನನಗೆ ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. ಅಲ್ಲಿನ ಸ್ಟೋರಿ ರಸ್ತೆಯ ಕಡೆ ಕಾರಿನಲ್ಲಿ ಹೋಗುವಾಗ ಅಂಗಡಿ ಸಾಲಿನ ಮುಂದೆ ಹಳದಿ-ಕೆಂಪಿನ ಬಾವುಟಗಳು ಕಾಣುತ್ತವೆ. ದೂರದಿಂದ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ, ನಮ್ಮ ಕನ್ನಡ ಬಾವುಟ ಇಲ್ಲಿಗೂ ಬಂತೇ ಎಂದು. ಹತ್ತಿರ ಹೋದರೆ ಬೇರೆ. ಇಡೀ ಬಟ್ಟೆ ಅರಿಶಿನದ ಬಣ್ಣ, ನಡುವೆ ಅಡ್ಡಕ್ಕೆ ಮೂರು ಕೆಂಪು ಪಟ್ಟಿ. ಯಾರದು ಎಂದು ಮಗನನ್ನು ಕೇಳಿದರೆ ‘ವಿಯೆಟ್ನಾಂನವರದು’ ಎನ್ನುತ್ತಾನೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ವಿಯೆಟ್ನಾಂ ಬಾವುಟ ಕೆಂಪು, ನಡುವೆ ಹಳದಿ ನಕ್ಷತ್ರ. ಹಾಗಾದರೆ ಬೀದಿಯಲ್ಲಿ ಕಂಡದ್ದು ಏನು? ಕೇಳುವವರು ಹೆಚ್ಚಾಗಿ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನಲ್ಲಿದ್ದವರು. ಪತ್ರಿಕೆ ಓದಿ ಬೆಳೆದವರಾದ್ದರಿಂದ ಸುಮ್ಮನೆ ಬಿಡುವವರಲ್ಲ.

ಆ ಬಾವುಟಕ್ಕೆ ಈಗ ದೇಶವಿಲ್ಲ. 1975ರ ತನಕ ದಕ್ಷಿಣ ವಿಯೆಟ್ನಾಂ ಎಂಬ ದೇಶವೊಂದಿತ್ತು, ಸೈಗಾನ್ ಅದರ ರಾಜಧಾನಿ, ಇದು ಅದರ ರಾಷ್ಟ್ರಧ್ವಜ. ಆ ವರ್ಷದ ಏಪ್ರಿಲ್ 30ರಂದು ಉತ್ತರ ವಿಯೆಟ್ನಾಂ ಸೇನೆಯ ಟ್ಯಾಂಕುಗಳು ಸೈಗಾನಿನ ಅಧ್ಯಕ್ಷರ ಅರಮನೆಯ ಗೇಟು ಮುರಿದು ಒಳಗೆ ನುಗ್ಗಿದವು. ಮರುವರ್ಷ ಎರಡೂ ಭಾಗ ಅಧಿಕೃತವಾಗಿ ಒಂದಾದವು, ಸೈಗಾನಿಗೆ ಹೋ ಚಿ ಮಿನ್ ನಗರ ಎಂದು ಹೆಸರಾಯಿತು. ಹಳದಿ ಬಾವುಟವನ್ನು ಅಲ್ಲಿ ಇವತ್ತು ಬಹಿರಂಗವಾಗಿ ಹಾರಿಸುವಂತಿಲ್ಲ. ಸಮುದ್ರದಾಚೆ, ವಿಯೆಟ್ನಾಂ ಮೂಲದವರು ಲಕ್ಷಕ್ಕೂ ಹೆಚ್ಚಿರುವ ಸ್ಯಾನ್ ಹೊಸೆಯಲ್ಲಿ, ಅದು ದಿನವೂ ಹಾರುತ್ತದೆ. ದೇಶವಿಲ್ಲದವರ ಧ್ವಜ ಹೇಗಿರುತ್ತದೆಂದು ಬೈಲಕುಪ್ಪೆಯ ಟಿಬೆಟನ್ ಶಿಬಿರಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ನಮ್ಮ ಓದುಗರ ಪ್ರಶ್ನೆಯ ಒಳಗೆ ಇನ್ನೊಂದು ಗೊಂದಲ ಇರುತ್ತದೆ. ವಿಯೆಟ್ನಾಂ ಗೆದ್ದಿತಲ್ಲ, ಅಮೆರಿಕದಂಥ ಅಮೆರಿಕವನ್ನು ಸೋಲಿಸಿತಲ್ಲ, ಹಾಗಿರುವಾಗ ಅವರು ಗೆದ್ದ ಬಾವುಟ ಬಿಟ್ಟು ಸೋತ ಬಾವುಟ ಹಿಡಿದಿರುವುದೇಕೆ ಎನ್ನುವುದು. ಈ ಗೊಂದಲಕ್ಕೆ ಕಾರಣ ನಾವು ಬೆಳೆದ ರೀತಿ. 1954ರ ಜಿನೀವಾ ಒಪ್ಪಂದದ ನಂತರ ಅಲ್ಲಿ ಕದನವಿರಾಮದ ಮೇಲ್ವಿಚಾರಣೆಗೆ ನೇಮಿಸಿದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ. 1958ರಲ್ಲಿ ಹೋ ಚಿ ಮಿನ್ ಭಾರತಕ್ಕೆ ಬಂದಾಗ ಸಿಕ್ಕ ಸ್ವಾಗತ ದೊಡ್ಡದು. ಮುಂದೆ ಕೋಲ್ಕತ್ತದಲ್ಲಿ ಅಮೆರಿಕದ ದೂತಾವಾಸ ಇರುವ ಹ್ಯಾರಿಂಗ್ಟನ್ ಬೀದಿಗೇ ಹೋ ಚಿ ಮಿನ್ ಸರಣಿ ಎಂದು ಹೆಸರಿಟ್ಟರು. ನಮ್ಮ ತಲೆಮಾರಿನ ಕಾಲೇಜು ಹುಡುಗರಿಗೆ ವಿಯೆಟ್ನಾಂ ಎಂದರೆ ಬಡವನೊಬ್ಬ ಬಲಾಢ್ಯನನ್ನು ಮಣ್ಣುಮುಕ್ಕಿಸಿದ ಕಥೆ. ಆ ಕಥೆಯಲ್ಲಿ ಇಬ್ಬರೇ ಪಾತ್ರಧಾರಿಗಳು. ಅಮೆರಿಕದ ಜೊತೆ ನಿಂತು ಹೋರಾಡಿದ ವಿಯೆಟ್ನಾಮಿಗಳೂ ಲಕ್ಷಗಟ್ಟಲೆ ಇದ್ದರು, ಅವರಿಗೂ ತಾಯಿ ತಂದೆ ಊರು ಇತ್ತು ಎನ್ನುವುದು ನನ್ನ ತಲೆಗೂ ಹೊಳೆದಿರಲಿಲ್ಲ. ಸ್ಯಾನ್ ಹೊಸೆಯಲ್ಲಿ ಕೆಲಸಕ್ಕಿದ್ದಾಗ ಅವರ ನಡುವೆ ಬದುಕಿ ತಿಳಿದದ್ದು ಅದು.

ನಮ್ಮ ಟೆಸ್ಟಿಂಗ್ ಲ್ಯಾಬಿನಲ್ಲಿ ಹಿರಿಯ ತಂತ್ರಜ್ಞರೊಬ್ಬರಿದ್ದರು. ಮಾತು ಕಡಿಮೆ, ಕೈ ಬಹಳ ಚುರುಕು. ಅವರ ತಂದೆ ದಕ್ಷಿಣದ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಸೈಗಾನ್ ಬಿದ್ದ ಮೇಲೆ ಹೊಸ ಸರ್ಕಾರ ಸೋತ ಸೈನ್ಯದ ಅಧಿಕಾರಿಗಳಿಗೆ ಒಂದು ಪ್ರಕಟಣೆ ಹೊರಡಿಸಿತು: ತಿಂಗಳಿಗಾಗುವಷ್ಟು ಊಟ, ಬಟ್ಟೆ ಜೊತೆಗಿಟ್ಟುಕೊಂಡು ಮರುಶಿಕ್ಷಣಕ್ಕೆ ಹಾಜರಾಗಿ. ತಿಂಗಳ ಲೆಕ್ಕ ಹಾಕಿಕೊಂಡು ಹೋದವರು ವರ್ಷಗಟ್ಟಲೆ ಹಿಂದಿರುಗಲಿಲ್ಲ. ಕೆಲವರು 17 ವರ್ಷ ಅಲ್ಲೇ ಇದ್ದರು. ಹೆಸರು ಮರುಶಿಕ್ಷಣ ಶಿಬಿರ, ನಡೆದದ್ದು ಕಾಡು ಕಡಿಯುವ ಕೆಲಸ, ಅರೆಹೊಟ್ಟೆ, ರೋಗ. ಮಗ ಹದಿಹರೆಯದಲ್ಲೇ ದೋಣಿ ಹತ್ತಿದ್ದರು. ತಂದೆ ಬಹಳ ವರ್ಷಗಳ ನಂತರ ಬಂದು ಮಗನನ್ನು ಸೇರಿದರು. ಶಿಬಿರದಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇದ್ದವರನ್ನು ಕುಟುಂಬ ಸಮೇತ ಕರೆಸಿಕೊಳ್ಳಲು 1989ರಲ್ಲಿ ಅಮೆರಿಕ ಹನೋಯಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಅದು ಸಾಧ್ಯವಾಯಿತು.

ಅವರ ಮನೆಗೆ ಒಮ್ಮೆ ಊಟಕ್ಕೆ ಹೋಗಿದ್ದೆ. ನಡುಮನೆಯ ಗೋಡೆಗೆ ಹೊಂದಿಸಿ ಎತ್ತರದ ಕಪಾಟು, ಅದರ ಮೇಲೆ ತೀರಿಕೊಂಡವರ ಫೋಟೋಗಳು. ಮುಂದೆ ಮರಳು ತುಂಬಿದ ಪಿಂಗಾಣಿ ಬಟ್ಟಲು, ಅದರಲ್ಲಿ ಉರಿದು ಉಳಿದ ಊದುಬತ್ತಿಯ ಕೆಂಪು ಕಡ್ಡಿಗಳು, ಪಕ್ಕದ ತಟ್ಟೆಯಲ್ಲಿ ಕಿತ್ತಳೆ. ತಂದೆಯ ಫೋಟೋ ಸಮವಸ್ತ್ರದಲ್ಲಿತ್ತು. ಒಂದು ಅಂಚು ನೀರು ತಾಗಿ ಬೆಳ್ಳಗಾಗಿತ್ತು. ಆ ಫೋಟೋ ಸಿಕ್ಕಿಬಿದ್ದರೆ ಕಷ್ಟವೆಂದು ಅಜ್ಜಿ ಅದನ್ನು ಅಕ್ಕಿಯ ಜಾಡಿಯ ತಳದಲ್ಲಿಟ್ಟು ಕಾಪಾಡಿದ್ದರಂತೆ. ಚಿಕ್ಕಪ್ಪನದು ಮಾತ್ರ ಫೋಟೋ ಇರಲಿಲ್ಲ, ಕಾಗದದ ಮೇಲೆ ಬರೆದ ಹೆಸರಷ್ಟೇ. ಅವರೂ ಸೈನಿಕರು, ಸತ್ತದ್ದು ಯುದ್ಧದಲ್ಲಿ, ಹೂಳಿದ್ದು ಎಲ್ಲಿ ಎಂಬುದು ಮನೆಯವರಿಗೆ ತಿಳಿಯದು. ಫೋಟೋಗಳ ನಡುವೆ ಬೆರಳುದ್ದದ ಹಳದಿ ಬಾವುಟವೊಂದನ್ನು ಸಿಕ್ಕಿಸಿದ್ದರು. ಬೀದಿಯ ಬಾವುಟಗಳಿಗೂ ಈ ಕಪಾಟಿಗೂ ಇರುವ ಸಂಬಂಧ ಅವತ್ತು ನನಗೆ ಹೊಳೆಯಿತು. ಮಹಾಲಯ ಅಮಾವಾಸ್ಯೆಗೆ ಎಡೆಯಿಡುವ ಮನೆಯಲ್ಲಿ ಹುಟ್ಟಿದವನಿಗೆ ಅಷ್ಟು ತಿಳಿಯಲು ಭಾಷೆ ಬೇಕಾಗಲಿಲ್ಲ.

ದೋಣಿಯ ವಿಷಯ ಅವರು ಹೇಳಿದ್ದು ಕಡಿಮೆ, ನಾನು ಕೆದಕಲೂ ಇಲ್ಲ. 1975ರಲ್ಲೇ ಅಮೆರಿಕನ್ನರ ಜೊತೆ ಹೊರಟವರು ಸುಮಾರು 1,30,000. ಅವರಿಗೆ ಕನಿಷ್ಠ ಹಡಗು, ವಿಮಾನ, ಶಿಬಿರದಲ್ಲಿ ಮಂಚ ಸಿಕ್ಕಿತು. 1978ರಿಂದಾಚೆ ಹೊರಟವರು ಮೀನಿನ ದೋಣಿಗಳಲ್ಲಿ ಒತ್ತೊತ್ತಾಗಿ ಕೂತು, ಥಾಯ್ಲೆಂಡ್ ಕೊಲ್ಲಿಯ ಕಡಲ್ಗಳ್ಳರನ್ನು ದಾಟಿ, ಮಲೇಷ್ಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಹಾಂಗ್‌ಕಾಂಗ್ ಮುಟ್ಟಿದವರು. ಎರಡು ದಶಕಗಳಲ್ಲಿ ಹೀಗೆ ದಡ ಸೇರಿದವರು ಎಂಟು ಲಕ್ಷದಷ್ಟು ಮಂದಿ. ಸಮುದ್ರದಲ್ಲೇ ಹೋದವರ ಲೆಕ್ಕ ಯಾರ ಬಳಿಯೂ ಖಚಿತವಾಗಿಲ್ಲ, ಲಕ್ಷಗಳಲ್ಲಿ ಅಂದಾಜು ಮಾಡುತ್ತಾರೆ.

ಹೀಗಾಗಿ ಏಪ್ರಿಲ್ 30 ಬಂದರೆ ಒಂದೇ ಜನರ ನಡುವೆ ಎರಡು ದಿನ ಹುಟ್ಟುತ್ತವೆ. ವಿಯೆಟ್ನಾಂನಲ್ಲಿ ಅದು ದಕ್ಷಿಣದ ವಿಮೋಚನೆಯ, ದೇಶ ಒಂದಾದ ದಿನ. ಸರ್ಕಾರಿ ರಜೆ, ಮೆರವಣಿಗೆ, ಪಟಾಕಿ. 2025ರಲ್ಲಿ 50 ವರ್ಷ ತುಂಬಿದಾಗ ಹೋ ಚಿ ಮಿನ್ ನಗರದಲ್ಲಿ ಭಾರಿ ಪಥಸಂಚಲನ ನಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ಅದೇ ದಿನ ‘ಕರಾಳ ಏಪ್ರಿಲ್’. ಹಳೆಯ ಸೈನಿಕರು ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಹಳದಿ ಬಾವುಟದ ಮುಂದೆ ಹೂವಿಟ್ಟು ನಿಲ್ಲುತ್ತಾರೆ.

ಈ ಸಂಗತಿ ಇಷ್ಟು ಕಟುವಾಗಲು ನನಗೆ ಕಾಣುವ ಮುಖ್ಯ ಕಾರಣ, ದಕ್ಷಿಣದ ಸೈನಿಕನಿಗೆ ಎರಡೂ ದೇಶಗಳ ನೆನಪಿನಲ್ಲಿ ಜಾಗ ಸಿಗದೇ ಹೋದದ್ದು. ವಾಷಿಂಗ್ಟನ್‌ನಲ್ಲಿ 1982ರಲ್ಲಿ ಎದ್ದ ಕಪ್ಪು ಕಲ್ಲಿನ ಗೋಡೆಯನ್ನು ಮಾಯಾ ಲಿನ್ ರೂಪಿಸಿದರು. ಅದರ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಎಲ್ಲವೂ ಅಮೆರಿಕನ್ ಸೇನೆಯವು. ಜೊತೆಗೇ ಹೋರಾಡಿ ಸತ್ತ ದಕ್ಷಿಣದ ಸೈನಿಕರು ಎರಡು ಲಕ್ಷ ಮೀರಿದ್ದರು, ಅವರಲ್ಲೊಬ್ಬನ ಹೆಸರೂ ಅಲ್ಲಿಲ್ಲ. ಇನ್ನು ವಿಯೆಟ್ನಾಂನಲ್ಲಿ ಉತ್ತರದ ಪರ ಸತ್ತವರು ಹುತಾತ್ಮರು. ಜಿಲ್ಲೆ ಜಿಲ್ಲೆಗೂ ಅವರ ಸ್ಮಶಾನಗಳಿವೆ, ಮನೆಗೆ ಪ್ರಮಾಣಪತ್ರ ಬರುತ್ತದೆ, ಮನೆಯವರಿಗೆ ಮಾಸಾಶನವಿದೆ. ದಕ್ಷಿಣದ ಪರ ಸತ್ತವರು ಕೈಗೊಂಬೆಗಳು. ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಹೋ ಚಿ ಮಿನ್ ನಗರದಲ್ಲಿ ತೆರೆದ ವಸ್ತುಸಂಗ್ರಹಾಲಯದ ಮೊದಲ ಹೆಸರಿನಲ್ಲೇ ‘ಅಮೆರಿಕದ ಮತ್ತು ಕೈಗೊಂಬೆಗಳ ಅಪರಾಧ’ ಎಂಬ ಮಾತಿತ್ತು. ಈಗ ಅದು ಯುದ್ಧ ಅವಶೇಷಗಳ ಸಂಗ್ರಹಾಲಯ. ಸೈಗಾನ್ ಹತ್ತಿರದ ಬಿಯೆನ್ ಹೋವಾದಲ್ಲಿ ದಕ್ಷಿಣದ ಸೈನಿಕರ ಸುಮಾರು 16 ಸಾವಿರ ಸಮಾಧಿಗಳಿವೆ. ಅದರ ಹೆಬ್ಬಾಗಿಲಲ್ಲಿ ಕೂತಿದ್ದ ಶೋಕತಪ್ತ ಸೈನಿಕನ ದೊಡ್ಡ ಪ್ರತಿಮೆಯನ್ನು 1975ರಲ್ಲೇ ಕೆಡವಿದರು. 2006ರ ತನಕ ಆ ಜಾಗ ಸೇನೆಯ ವಶದಲ್ಲಿತ್ತು, ಮನೆಯವರು ಹೋಗಿ ಕಳೆ ಕೀಳುವುದೂ ಸುಲಭವಿರಲಿಲ್ಲ.

ಎರಡೂ ಕಡೆ ಬೇಡವಾಗುವುದು ಎಂದರೇನು ಎಂದು ತಿಳಿಯಲು ಒಂದು ಘಟನೆ ಸಾಕು. 1965ರ ಡಿಸೆಂಬರಿನಲ್ಲಿ ಅಮೆರಿಕದ ವಾಯುಸೇನೆಯ ವಿಮಾನವೊಂದು ಮಧ್ಯ ವಿಯೆಟ್ನಾಂನ ಗುಡ್ಡಗಳಲ್ಲಿ ಬಿತ್ತು. ಅದರಲ್ಲಿದ್ದವರು ನಾಲ್ವರು ಅಮೆರಿಕನ್ ಸಿಬ್ಬಂದಿ ಮತ್ತು ದಕ್ಷಿಣದ ಸೈನ್ಯದ 81 ಪ್ಯಾರಾಟ್ರೂಪರ್‌ಗಳು. ಯುದ್ಧದ ನಡುವೆ ಅಲ್ಲಿಗೆ ಹೋಗಲಾಗದೆ, 1974ರಲ್ಲಿ ಮೂಳೆಗಳನ್ನು ಆಯ್ದು ತಂದರು. ಸೈಗಾನ್ ಬಿದ್ದ ಮೇಲೆ ಅವು ಬ್ಯಾಂಕಾಕಿನಲ್ಲಿ, ಆಮೇಲೆ ಹವಾಯಿಯ ಸೇನಾ ಪ್ರಯೋಗಾಲಯದಲ್ಲಿ ದಶಕಗಳ ಕಾಲ ಇದ್ದವು. ಅಮೆರಿಕನ್ನರನ್ನು ಬೇರ್ಪಡಿಸಿ ಗುರುತಿಸಿದರು. ಉಳಿದವರ ಮೂಳೆಗಳು ಒಂದರೊಳಗೊಂದು ಬೆರೆತಿದ್ದವು, ಯಾರದು ಯಾವುದೆಂದು ಹೇಳುವಂತಿರಲಿಲ್ಲ. ಅವರ ದೇಶ ನಕ್ಷೆಯಿಂದ ಅಳಿಸಿಹೋಗಿತ್ತು. ಈಗಿನ ವಿಯೆಟ್ನಾಂ ಸರ್ಕಾರ ಅವನ್ನು ಪಡೆಯಲು ಒಪ್ಪಲಿಲ್ಲ. ಅಮೆರಿಕದ ಸೈನಿಕ ಸ್ಮಶಾನ ಅವರಿಗಾಗಿ ಇದ್ದದ್ದಲ್ಲ. ಆ ಯುದ್ಧದಲ್ಲಿ ತಾವೂ ಹೋರಾಡಿದ್ದ ಮಾಜಿ ಸೆನೆಟರ್ ಜಿಮ್ ವೆಬ್ ವರ್ಷಗಟ್ಟಲೆ ಓಡಾಡಿದ ಮೇಲೆ 2019ರ ಅಕ್ಟೋಬರಿನಲ್ಲಿ ಅವರನ್ನೆಲ್ಲ ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್ಸ್ಟರ್ ಊರಿನಲ್ಲಿ ಒಟ್ಟಿಗೇ ಮಣ್ಣುಮಾಡಿದರು. ಸತ್ತು ಸುಮಾರು 54 ವರ್ಷವಾಗಿತ್ತು. ಶವಪೆಟ್ಟಿಗೆಗೆ ಹೊದಿಸಿದ್ದು ಹಳದಿ ಬಾವುಟ. ಬೇರೆ ಯಾವ ಬಾವುಟ ಹೊದಿಸಬಹುದಿತ್ತು ಹೇಳಿ?

ಆ ವೆಸ್ಟ್‌ಮಿನ್ಸ್ಟರ್ ಲಾಸ್ ಏಂಜಲಿಸ್‌ನ ದಕ್ಷಿಣಕ್ಕಿರುವ ಸಣ್ಣ ಊರು. ‘ಲಿಟಲ್ ಸೈಗಾನ್’ ಎಂಬ ಹೆಸರು ಮೊದಲು ಗಟ್ಟಿಯಾಗಿ ನಿಂತದ್ದು ಅಲ್ಲಿಯೇ. ಅಲ್ಲಿನ ಉದ್ಯಾನದಲ್ಲಿ 2003ರಿಂದ ಒಂದು ಸ್ಮಾರಕವಿದೆ: ಒಬ್ಬ ಅಮೆರಿಕನ್ ಸೈನಿಕ, ಅವನ ಪಕ್ಕದಲ್ಲಿ ಅಷ್ಟೇ ಗಟ್ಟಿಯಾಗಿ ನಿಂತ ದಕ್ಷಿಣ ವಿಯೆಟ್ನಾಂ ಸೈನಿಕ, ಹಿಂದೆ ಎರಡು ಬಾವುಟ. ವಾಷಿಂಗ್ಟನ್‌ನ ಗೋಡೆ ಬಿಟ್ಟದ್ದನ್ನು ಈ ಊರು ಕಂಚಿನಲ್ಲಿ ಸೇರಿಸಿತು. ವಲಸೆ ಬಂದವರು ಒಂದು ಹೊಸ ದೇಶದ ಸಾರ್ವಜನಿಕ ನೆನಪಿನೊಳಗೆ ದಾರಿ ಮಾಡಿಕೊಳ್ಳುವುದು ಹೀಗೇ, ಕೆಳಗಿನಿಂದ. ವಿದೇಶಾಂಗ ನೀತಿ ಕೇಂದ್ರ ಸರ್ಕಾರದ್ದು. ಅಮೆರಿಕ 1995ರಲ್ಲಿ ಹನೋಯಿ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿತು, ಕೆಂಪು ಬಾವುಟವನ್ನು ಒಪ್ಪಿತು, ಅದನ್ನು ಈ ನಿರಾಶ್ರಿತರು ತಡೆಯಲಾಗಲಿಲ್ಲ. ಆದರೆ ಉದ್ಯಾನದ ಹೆಸರು, ಬೀದಿಯ ಫಲಕ, ನಗರಸಭೆಯ ಧ್ವಜಸ್ತಂಭ, ಶಾಲೆಯ ಪಠ್ಯ ಇವೆಲ್ಲ ಸ್ಥಳೀಯರ ಕೈಯಲ್ಲಿವೆ. ಒಂದೇ ವಾರ್ಡಿನಲ್ಲಿ ಒತ್ತಾಗಿ ನೆಲೆಸಿ, ತಪ್ಪದೆ ಮತ ಹಾಕುವ ಜನರ ಮಾತನ್ನು ಯಾವ ನಗರಸಭೆಯೂ ತೆಗೆದುಹಾಕದು. 2003ರಲ್ಲಿ ವೆಸ್ಟ್‌ಮಿನ್ಸ್ಟರ್ ನಗರಸಭೆ ಹಳದಿ ಬಾವುಟಕ್ಕೆ ಮಾನ್ಯತೆ ಕೊಟ್ಟಿತು, ಬೇರೆ ಊರುಗಳು, ರಾಜ್ಯಗಳು ಹಿಂಬಾಲಿಸಿದವು. 2006ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದೇಶ ಬಂತು. ದೇಶದ ಧ್ವಜವೆಂದು ಯಾರೂ ಹೇಳಲಿಲ್ಲ, ‘ವಿಯೆಟ್ನಾಂ ಮೂಲದ ಅಮೆರಿಕನ್ನರ ಪರಂಪರೆಯ ಧ್ವಜ’ ಎಂದರು. ಆ ಜಾಣ ಹೆಸರಿನಿಂದ ಹನೋಯಿ ಜೊತೆಗಿನ ಸಂಬಂಧವೂ ಹಳದಿ ಬಾವುಟದ ಮಾನ್ಯತೆಯೂ ಎರಡೂ ನಡೆದುಹೋದವು.

ನನ್ನ ಸಹಾನುಭೂತಿ ಇವರ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸತ್ತವರಿಗಾಗಿ ಎತ್ತಿದ ಬಾವುಟ ಬದುಕಿರುವವರನ್ನು ಹೆದರಿಸಲೂ ಬಳಕೆಯಾಯಿತು ಎಂಬುದನ್ನು ಬರೆಯದಿದ್ದರೆ ಅರ್ಧ ಸತ್ಯ ಬರೆದಂತೆ. 1981ರಿಂದ 1990ರ ನಡುವೆ ಅಮೆರಿಕದಲ್ಲಿ ವಿಯೆಟ್ನಾಂ ಮೂಲದ ಐವರು ಪತ್ರಕರ್ತರ ಕೊಲೆಯಾಯಿತು. ಕಮ್ಯುನಿಸ್ಟರ ಪರ ಬರೆದರೆಂದೋ, ಮತ್ತೆ ಯುದ್ಧ ಮಾಡಿ ದೇಶ ಗೆಲ್ಲುತ್ತೇವೆಂದು ಚಂದಾ ಎತ್ತುತ್ತಿದ್ದ ಗುಂಪುಗಳನ್ನು ಪ್ರಶ್ನಿಸಿದರೆಂದೋ ಪ್ರಾಣ ಕಳೆದುಕೊಂಡರು ಎಂಬ ಶಂಕೆ ಬಲವಾಗಿತ್ತು. ಒಂದು ಪ್ರಕರಣವೂ ಬಗೆಹರಿಯಲಿಲ್ಲ. 1999ರ ಜನವರಿಯಲ್ಲಿ ವೆಸ್ಟ್‌ಮಿನ್ಸ್ಟರ್‌ನ ವಿಡಿಯೊ ಅಂಗಡಿಯವನೊಬ್ಬ ಹೋ ಚಿ ಮಿನ್ ಚಿತ್ರವನ್ನೂ ಕೆಂಪು ಬಾವುಟವನ್ನೂ ಗೋಡೆಗೆ ಹಾಕಿದ. 53 ದಿನ ಅವನ ಅಂಗಡಿಯ ಮುಂದೆ ಜನ ಸೇರಿದರು, ಒಂದು ರಾತ್ರಿ ಸುಮಾರು 15 ಸಾವಿರ ಮಂದಿ. ಮೊದಲು ತೆಗೆ ಎಂದಿದ್ದ ನ್ಯಾಯಾಲಯ ಆಮೇಲೆ ಅದು ಅವನ ಅಭಿವ್ಯಕ್ತಿ ಸ್ವಾತಂತ್ರ್ಯ ಎಂದು ತೀರ್ಪು ಬದಲಿಸಿತು. ಶಿಬಿರದಲ್ಲಿ ಅಪ್ಪನನ್ನು ಕಳೆದುಕೊಂಡವಳಿಗೆ ಆ ಚಿತ್ರ ಕಂಡರೆ ಹೊಟ್ಟೆ ಉರಿಯುವುದು ಸಹಜ, ಪ್ರತಿಭಟಿಸುವ ಹಕ್ಕೂ ಅವಳದೇ. ನ್ಯಾಯಾಲಯ ಹೇಳಿದ್ದೂ ಸರಿ ಎಂದೇ ನಾನು ತಿಳಿದಿದ್ದೇನೆ.

ಸ್ಯಾನ್ ಹೊಸೆಯ ಜಗಳ ಇದಕ್ಕಿಂತ ವಿಚಿತ್ರ, ಏಕೆಂದರೆ ಅಲ್ಲಿ ಕಮ್ಯುನಿಸ್ಟರು ಯಾರೂ ಇರಲಿಲ್ಲ. 2007ರಲ್ಲಿ ಸ್ಟೋರಿ ರಸ್ತೆಯ ಅಂಗಡಿ ಸಾಲಿಗೆ ನಗರಸಭೆ ಒಂದು ಹೆಸರಿಡಲು ಹೊರಟಿತು. ಮುಂದೆ ನಿಂತವರು ಮ್ಯಾಡಿಸನ್ ನ್ಯೂಯೆನ್, ವಿಯೆಟ್ನಾಂನಲ್ಲಿ ಹುಟ್ಟಿ ನಿರಾಶ್ರಿತರಾಗಿ ಬಂದು ಆ ನಗರಸಭೆಗೆ ಆಯ್ಕೆಯಾದ ಮೊದಲಿಗರು. ಜನ ಕೇಳಿದ್ದು ‘ಲಿಟಲ್ ಸೈಗಾನ್’. ಸಭೆ ಒಪ್ಪಿದ್ದು ‘ಸೈಗಾನ್ ಬಿಸಿನೆಸ್ ಡಿಸ್ಟ್ರಿಕ್ಟ್’. ಹೊರಗಿನವರಿಗೆ ಎರಡರಲ್ಲೂ ಸೈಗಾನ್ ಇದೆಯಲ್ಲ ಎನಿಸುತ್ತದೆ. ಅಲ್ಲಿನವರಿಗೆ ಮೊದಲನೆಯದು ಕಳೆದ ಊರಿನ ಮರುಹುಟ್ಟು, ಎರಡನೆಯದು ವ್ಯಾಪಾರದ ಬೋರ್ಡು. ಲೀ ಟಾಂಗ್ ಎಂಬ ದಕ್ಷಿಣದ ಮಾಜಿ ಯುದ್ಧವಿಮಾನ ಚಾಲಕ ನಗರಸಭೆಯ ಮುಂದೆ ಉಪವಾಸ ಕೂತು ನಾಲ್ಕು ವಾರ ಎಳೆದರು. 2008ರ ಮಾರ್ಚಿನಲ್ಲಿ ಸಭೆ ತನ್ನ ಹೆಸರನ್ನು ಹಿಂತೆಗೆದುಕೊಂಡಿತು. ಅಷ್ಟಕ್ಕೆ ಬಿಡದೆ, ಮರುವರ್ಷ ಮ್ಯಾಡಿಸನ್ ಅವರನ್ನು ಹುದ್ದೆಯಿಂದ ಕೆಳಗಿಳಿಸಲು ಚುನಾವಣೆಯನ್ನೇ ನಡೆಸಿದರು. ಅವರು ಗೆದ್ದು ಉಳಿದುಕೊಂಡರು. ಕಮ್ಯುನಿಸ್ಟರ ಕೈಯಿಂದ ಓಡಿಬಂದ ಕುಟುಂಬದ ಹೆಣ್ಣುಮಗಳ ಮೇಲೆ ಕಮ್ಯುನಿಸ್ಟರ ಪರ ಎಂಬ ಆರೋಪ ಬಂದಾಗ, ಆ ಮಾತಿಗೆ ಯುದ್ಧದ ಜೊತೆಗಿನ ಸಂಬಂಧ ಕಡಿದುಹೋಗಿರುತ್ತದೆ. ಆಗ ಅದು ಒಳಜಗಳದ ಆಯುಧವಷ್ಟೇ. 2021ರ ಜನವರಿ 6ರಂದು ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನ ನಡುವೆಯೂ ಹಳದಿ ಬಾವುಟಗಳು ಕಂಡವು. ತಾತನ ಕಪಾಟಿನಲ್ಲಿದ್ದದ್ದು ಅಲ್ಲಿ ಕಂಡಾಗ ಆ ಸಮುದಾಯದ ಅನೇಕ ಯುವಕರಿಗೆ ಆದ ನೋವು ಸಣ್ಣದಲ್ಲ.

ನಮ್ಮ ಕಂಪನಿಗೆ ಆಮೇಲೆ ಹನೋಯಿಯಿಂದ ಒಬ್ಬ ಹುಡುಗಿ ಎಂಜಿನಿಯರಾಗಿ ಸೇರಿದಳು. ಅಮೆರಿಕದಲ್ಲೇ ಓದಿ ವೀಸಾದ ಮೇಲೆ ಕೆಲಸಕ್ಕೆ ಬಂದವಳು, ನಮ್ಮವರು ಬರುವ ಹಾಗೆಯೇ. ಅವಳಿಗೆ ಕೆಂಪು ಬಾವುಟ ಎಂದರೆ ಶಾಲೆಯ ಸೋಮವಾರದ ಧ್ವಜವಂದನೆ, ಫುಟ್‌ಬಾಲ್ ಗೆದ್ದ ರಾತ್ರಿ ಸ್ಕೂಟರಿನಲ್ಲಿ ಊರು ಸುತ್ತಿದ್ದು. ಸ್ಟೋರಿ ರಸ್ತೆಗೆ ಸೊಪ್ಪು, ಮೀನು, ಅಕ್ಕಿ ಶಾವಿಗೆ ಕೊಳ್ಳಲು ಹೋದರೆ ಬಾಯಿ ತೆರೆದೊಡನೆ ಉತ್ತರದ ಉಚ್ಚಾರಣೆ ಗೊತ್ತಾಗಿಬಿಡುತ್ತದೆ, ಕೆಲವು ಅಂಗಡಿಗಳಲ್ಲಿ ಮುಖ ಬಿಗಿಯುತ್ತಾರೆ ಎನ್ನುತ್ತಿದ್ದಳು. ಅವಳ ಅಜ್ಜನ ತಮ್ಮ 1972ರಲ್ಲಿ ದಕ್ಷಿಣಕ್ಕೆ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಮನೆಗೆ ಹುತಾತ್ಮನ ಪ್ರಮಾಣಪತ್ರ ಬಂತು, ದೇಹ ಬರಲಿಲ್ಲ. ಮುತ್ತಜ್ಜಿ ಸಾಯುವ ತನಕ ಹುಡುಕಿಸಿದರಂತೆ. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ತಮ್ಮ ಕಡೆಯ ಹೋರಾಟಗಾರರು ಸತ್ತದ್ದು 11 ಲಕ್ಷ, ನಾಗರಿಕರು 20 ಲಕ್ಷ. ಲಕ್ಷಾಂತರ ಸೈನಿಕರ ಅವಶೇಷ ಇವತ್ತಿಗೂ ಸಿಕ್ಕಿಲ್ಲ, ಇಲ್ಲವೇ ಸಿಕ್ಕವಕ್ಕೆ ಹೆಸರಿಲ್ಲ. ಮೈ ಲಾಯ್ ಎಂಬ ಊರಿನಲ್ಲಿ 1968ರ ಮಾರ್ಚಿನ ಒಂದು ಬೆಳಗ್ಗೆ ಅಮೆರಿಕದ ಸೈನಿಕರು ಕೊಂದವರ ಹೆಸರುಗಳೇ ಅಲ್ಲಿನ ಸ್ಮಾರಕದಲ್ಲಿ 504 ಇವೆ. ಇದೇ 1968ರಲ್ಲಿ ಹ್ಯೂ ನಗರವನ್ನು ಹಿಡಿದಿದ್ದ ಕಮ್ಯುನಿಸ್ಟ್ ಪಡೆಗಳು ಕೊಂದು ಹೂಳಿದವರ ಗುಂಡಿಗಳು ಆಮೇಲೆ ಸಾಲುಸಾಲಾಗಿ ಸಿಕ್ಕವು. ಹನೋಯಿ ಮೈ ಲಾಯ್ ನೆನೆಯುತ್ತದೆ, ಲಿಟಲ್ ಸೈಗಾನ್ ಹ್ಯೂ ನೆನೆಯುತ್ತದೆ.

ಲ್ಯಾಬಿನ ಹಿರಿಯರೂ ಈ ಹುಡುಗಿಯೂ ಒಂದೇ ಮಹಡಿಯಲ್ಲಿದ್ದರು. ಇಬ್ಬರ ಮನೆಯಲ್ಲೂ ದೇಹವಿಲ್ಲದೆ ತಿಥಿ ನಡೆಯುತ್ತಿತ್ತು. ಅದು ಅವರಿಗೆ ಪರಸ್ಪರ ತಿಳಿದಿರಲಿಲ್ಲ, ನಾನೂ ಹೇಳಲಿಲ್ಲ. ಕೆಲಸದ ಮಾತು ಇಂಗ್ಲಿಷಿನಲ್ಲಿ ಆಡುತ್ತಿದ್ದರು.

ಇದು ಅಮೆರಿಕದ್ದಷ್ಟೇ ಅಲ್ಲ. ಬರ್ಲಿನ್‌ನಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿದೆ. ಪಶ್ಚಿಮ ಜರ್ಮನಿಗೆ ಬಂದವರು ಕ್ಯಾಪ್ ಅನಮೂರ್ ಎಂಬ ಹಡಗು 1979ರಿಂದ ಸಮುದ್ರದಿಂದ ಎತ್ತಿದ ದೋಣಿಯವರು ಮತ್ತು ಅವರಂಥವರು. ಪೂರ್ವ ಜರ್ಮನಿಗೆ ಬಂದವರು ಕಮ್ಯುನಿಸ್ಟ್ ಸರ್ಕಾರಗಳ ನಡುವಿನ ಒಪ್ಪಂದದ ಮೇಲೆ ಕಾರ್ಖಾನೆಗಳಿಗೆ ಬಂದ ಗುತ್ತಿಗೆ ಕೆಲಸಗಾರರು, 1989ರ ಹೊತ್ತಿಗೆ ಸುಮಾರು 60 ಸಾವಿರ. ಬರ್ಲಿನ್ ಗೋಡೆ ಬಿದ್ದ ಮರುಬೆಳಗ್ಗೆ ಹಳದಿ ಬಾವುಟದವರೂ ಕೆಂಪು ಬಾವುಟದವರೂ ಒಂದೇ ಊರಿನವರಾದರು. 1992ರಲ್ಲಿ ರೋಸ್ಟಾಕ್‌ನಲ್ಲಿ ವಿಯೆಟ್ನಾಮಿ ಕೆಲಸಗಾರರಿದ್ದ ಕಟ್ಟಡಕ್ಕೆ ಬೆಂಕಿಯಿಟ್ಟವರು ನಿಮ್ಮ ಬಾವುಟ ಯಾವುದು ಎಂದು ಕೇಳಲಿಲ್ಲ. ಹಾಗಿದ್ದರೂ ಎರಡು ಗುಂಪುಗಳ ಸಂಘ, ಹಬ್ಬ, ಬುದ್ಧವಿಹಾರಗಳು ಬಹುಕಾಲ ಬೇರೆಬೇರೆಯಾಗಿಯೇ ನಡೆದವು.

ಎರಡೂ ಕಡೆಯಿಂದ ಈ ಗೋಡೆ ದಾಟಲು ನೋಡಿದವರಿದ್ದಾರೆ. ವೋ ವಾನ್ ಕೀಟ್ 1991ರಿಂದ 1997ರ ತನಕ ವಿಯೆಟ್ನಾಂನ ಪ್ರಧಾನಿಯಾಗಿದ್ದವರು, ದಕ್ಷಿಣದಲ್ಲೇ ಭೂಗತರಾಗಿ ಹೋರಾಡಿದ ಕಮ್ಯುನಿಸ್ಟ್. 1966ರಲ್ಲಿ ಅವರ ಹೆಂಡತಿ ಮತ್ತು ಇಬ್ಬರು ಮಕ್ಕಳು ಪ್ರಯಾಣಿಸುತ್ತಿದ್ದ ದೋಣಿ ಅಮೆರಿಕದ ದಾಳಿಗೆ ಸಿಕ್ಕಿತು, ಮೂವರೂ ಹೋದರು. ಅಂಥವರು 2005ರಲ್ಲಿ, ಏಪ್ರಿಲ್ 30 ಬಂದಾಗ ಲಕ್ಷಾಂತರ ಜನ ಹಿಗ್ಗಿದರೆ ಲಕ್ಷಾಂತರ ಜನ ದುಃಖಿಸುತ್ತಾರೆ, ಆ ಗಾಯವನ್ನು ಕೆರೆಯದೆ ಮಾಯಿಸಬೇಕು ಎಂಬ ಅರ್ಥದ ಮಾತಾಡಿದರು. ಅಧಿಕಾರದ ಉನ್ನತ ಸ್ಥಾನದಲ್ಲಿದ್ದವರಿಂದ ಅದು ದೊಡ್ಡ ಮಾತು. ಈಚೆ ಕಡೆ ವಿಯೆಟ್ ಥಾನ್ ನ್ಯೂಯೆನ್ ಇದ್ದಾರೆ. ನಾಲ್ಕು ವರ್ಷದ ಮಗುವಾಗಿ ಓಡಿಬಂದು, ಸ್ಯಾನ್ ಹೊಸೆಯಲ್ಲಿ ಅಪ್ಪ ಅಮ್ಮ ನಡೆಸುತ್ತಿದ್ದ ದಿನಸಿ ಅಂಗಡಿಯ ನೆರಳಿನಲ್ಲಿ ಬೆಳೆದವರು. 2016ರಲ್ಲಿ ‘ದಿ ಸಿಂಪಥೈಸರ್’ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಪಡೆದರು, ಅದರ ನಾಯಕ ದಕ್ಷಿಣದ ಸೈನ್ಯದೊಳಗಿದ್ದ ಉತ್ತರದ ಗೂಢಚಾರ. ನಮ್ಮವರು ಅನುಭವಿಸಿದ್ದನ್ನು ನೆನೆಯುವ ಹಾಗೆಯೇ ನಮ್ಮವರು ಮಾಡಿದ್ದನ್ನೂ ನೆನೆಯಬೇಕು ಎಂದು ಅವರು ತಮ್ಮ ಸಮುದಾಯಕ್ಕೆ ಹೇಳುತ್ತ ಬಂದಿದ್ದಾರೆ. ಕಾಂಬೋಡಿಯಾ, ಲಾವೋಸ್‌ಗಳಲ್ಲಿ ಸತ್ತವರನ್ನು ಎರಡೂ ಬಾವುಟದವರು ಮರೆತದ್ದನ್ನೂ ಎತ್ತಿ ತೋರಿಸಿದ್ದಾರೆ.

ಈಗ ಈ ವಿಷಯ ನೇರವಾಗಿ ನಮ್ಮ ಮನೆಗಳಿಗೂ ಬರುತ್ತಿದೆ. ವಿಯೆಟ್ನಾಂ ನಿರಾಶ್ರಿತರ ಅನುಭವ, ಕಾಂಬೋಡಿಯಾದ ನರಮೇಧ, ಲಾವೋಸ್‌ನ ಹ್ಮಾಂಗ್ ಜನರ ಚರಿತ್ರೆ, ಈ ಮೂರನ್ನೂ ಶಾಲೆಗಳಲ್ಲಿ ಕಲಿಸಲು ಮಾದರಿ ಪಠ್ಯ ಸಿದ್ಧಪಡಿಸಬೇಕೆಂದು ಕ್ಯಾಲಿಫೋರ್ನಿಯಾ 2018ರಲ್ಲಿ ಕಾನೂನು ಮಾಡಿತು. ಅದು ಈಗ ಶಿಕ್ಷಕರ ಕೈಗೆ ಬಂದಿದೆ. ಸ್ಯಾನ್ ಹೊಸೆ, ಮಿಲ್ಪಿಟಸ್, ಫ್ರೀಮಾಂಟ್ ಶಾಲೆಗಳಲ್ಲಿ ಕನ್ನಡದ ಮಕ್ಕಳು ಈ ಮೂರೂ ಸಮುದಾಯಗಳ ಮೊಮ್ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಹನೋಯಿಯಿಂದ ಬಂದ ಎಂಜಿನಿಯರುಗಳ ಮಕ್ಕಳೂ ಅದೇ ತರಗತಿಯಲ್ಲಿರುತ್ತಾರೆ. ಇಂಥ ಪಾಠ ಬೇಕೇ ಬೇಕು ಎನ್ನುವವನು ನಾನು. ಆ ತಂತ್ರಜ್ಞರ ತಂದೆಯ ಶಿಬಿರದ ವರ್ಷಗಳು ಅಮೆರಿಕದ ಪುಸ್ತಕದಲ್ಲೂ ಇಲ್ಲದೆ ವಿಯೆಟ್ನಾಂನ ಪುಸ್ತಕದಲ್ಲೂ ಇಲ್ಲದೆ ಹೋಗುವುದು ಅನ್ಯಾಯ. ಅದೇ ಪಾಠದಲ್ಲಿ, ಮಗನ ದೇಹಕ್ಕಾಗಿ ಕಾದ ಹನೋಯಿಯ ತಾಯಿಗೂ ಒಂದು ಪುಟ ಇರಲೇಬೇಕು ಎಂದೂ ನನ್ನ ಒತ್ತಾಯ. ಪಠ್ಯ ಬರೆಯುವವರು ಅದನ್ನು ಬಿಟ್ಟರೂ ತರಗತಿಯಲ್ಲಿ ಒಂದು ಮಗು ಕೈಯೆತ್ತಿ ಕೇಳಬಹುದು.

ಮುಂದಿನ ಬಾರಿ ಸ್ಯಾನ್ ಹೊಸೆಗೆ ಹೋಗುವ ಓದುಗರು ಕೆಲ್ಲಿ ಪಾರ್ಕಿನ ಒಳಗೆ ಹಳೆಯ ಮನೆಯೊಂದರಲ್ಲಿರುವ ವಿಯೆಟ್ ಮ್ಯೂಸಿಯಂ ನೋಡಿಬನ್ನಿ. ದೋಣಿಯವರ ಮತ್ತು ದಕ್ಷಿಣದ ಗಣರಾಜ್ಯದ ನೆನಪಿಗೆಂದು ನಿರಾಶ್ರಿತರೇ ಕಟ್ಟಿಕೊಂಡದ್ದು, ಸ್ಟೋರಿ ರಸ್ತೆಗೆ ಹತ್ತಿರವೇ ಇದೆ. ಹೊರಡುವ ಮುಂಚೆ ತೆರೆದಿರುವ ಹೊತ್ತು ವಿಚಾರಿಸಿಕೊಳ್ಳಿ. ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ. ಶಾಲೆಯಲ್ಲಿ ಆ ಪಾಠ ಆಗಿದ್ದರೆ ಅವರಿಗೆ ಏನು ಹೇಳಿಕೊಟ್ಟರು, ಪಕ್ಕದಲ್ಲಿ ಕೂತ ಗೆಳೆಯ ಏನೆಂದ ಎಂದು ಕೇಳಿ, ನನಗೂ ಬರೆದು ತಿಳಿಸಿ.